ಬೊಚ್ಚುಬಾಯಿ ದೊಡ್ಡವ್ವನ ಬೇವಿನಕಡ್ಡಿ

ಆದೋನಿಯ ನಮ್ಮ ಎದುರುಮನೆ ದೊಡ್ಡವ್ವ ತೀರಿಕೊಂಡ ಸುದ್ದಿ ಬಂದಾಗ ನಾನು ಹುರಿದ ಶೇಂಗಾ ತಿನ್ನುತ್ತ ಕುಳಿತಿದ್ದೆ. ಆದೋನಿಯಿಂದ ನನ್ನ ಮೈದುನ ಹತ್ತಿಯ ವ್ಯವಹಾರಕ್ಕೆಂದು ಬಳ್ಳಾರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಚಹಾ ಕುಡಿದು, ಮಕ್ಕಳ ಸಮಾಚಾರ ಕೇಳಿ, ಈ ಸಲದ ಮಳೆ ಹೇಗಾಯಿತೆಂದು ಹೇಳಿ, ಕೊನೆಗೆ ಎಲೆಗೆ ಸುಣ್ಣ ಹಚ್ಚುತ್ತ, “ಅತ್ತಿಗೀ, ಎದುರುಮನಿ ದೊಡ್ಡವ್ವ ಹೋದ್ಲು” ಅಂದ. ಯಾವ ಕಾಯಿಲೆಯೂ ಇರಲಿಲ್ಲವಂತೆ. ಹಿಂದಿನ ರಾತ್ರಿ ಹಾಲಿನಲ್ಲಿ ರೊಟ್ಟಿ ನೆನೆಸಿಕೊಂಡು ಉಂಡು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಬೆರಳಿನಿಂದ ಒಸಡು ತಿಕ್ಕಿಕೊಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

ಕೇಳಿ ಬೇಸರವಾಯಿತು. ಹಿಂದೆಯೇ ಮನಸ್ಸು ಹಗುರವೂ ಆಯಿತು. ನರಳಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ, ಮೇಲಾಗಿ ಬಾಯಿ ತೊಳೆದುಕೊಂಡೇ ಹೋದಳು. ತೊಳೆಯದೆ ಮಲಗಿದ ರಾತ್ರಿ ಸಾವು ಬಂದಿದ್ದರೆ ಆಕೆ ಅದನ್ನು ಬಾಗಿಲಲ್ಲೇ ನಿಲ್ಲಿಸಿ, “ತಡಿ, ಬಾಯಿ ಮುಕ್ಕಳಿಸಿ ಬರ್ತೀನಿ” ಅನ್ನುತ್ತಿದ್ದಳೇ ಹೊರತು ಹಾಗೇ ಹೊರಡುತ್ತಿರಲಿಲ್ಲ. ಕೈಯಲ್ಲಿದ್ದ ಶೇಂಗಾ ತಟ್ಟೆಗೆ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆಗೆದುಕೊಂಡು ತಿಂದೆ. ಈ ವಯಸ್ಸಿನಲ್ಲಿ ನಾನು ಶೇಂಗಾ ಕಡಿದು ತಿನ್ನುತ್ತಿರುವುದೇ ಆಕೆಯ ದೆಸೆಯಿಂದ. ತಿನ್ನದೆ ಬಿಟ್ಟರೆ ಆಕೆಗೆ ಮರ್ಯಾದೆ ಆಗುತ್ತಿರಲಿಲ್ಲ.

ಹೆಸರು ಬರೆಯುವುದಿಲ್ಲ. ಮಕ್ಕಳು, ಸೊಸೆಯರು ಇನ್ನೂ ಅದೇ ಓಣಿಯಲ್ಲಿದ್ದಾರೆ. ಸೊಸೆಯರಿಗೆ ದಿನಾ ಬೆಳಿಗ್ಗೆ ಅತ್ತೆಯ ಮುಂದೆ ಬಾಯಿ ತೆಗೆದು ನಿಂತದ್ದು ಮರೆತಿರಲಾರದು. ಓಣಿಗೆಲ್ಲ ಆಕೆ ದೊಡ್ಡವ್ವ, ನಮಗೆ ಎದುರುಮನೆ ದೊಡ್ಡವ್ವ. ಅಷ್ಟು ಸಾಕು.

ನಾನು ಆದೋನಿಗೆ ಸೊಸೆಯಾಗಿ ಹೋದದ್ದು ಎರಡನೆಯ ಮಹಾಯುದ್ಧ ಶುರುವಾಗುವ ಮೊದಲು. ಆಗ ಆದೋನಿಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಬಳೆಗಾರ ಸಾಹೇಬರ ಹತ್ತಿರ ಎರಡೂ ಅಲ್ಲದ ಇನ್ನೊಂದು. ನನ್ನ ತವರು ಚಿಪ್ಪಗಿರಿಯ ಕಡೆಯ ಸಣ್ಣ ಹಳ್ಳಿ. ತಾಯಿ ನಾನು ಸಣ್ಣವಳಿದ್ದಾಗಲೇ ಹೋಗಿದ್ದಳು. ಗಂಡ ಹತ್ತಿ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತ. ಹಂಗಾಮು ಶುರುವಾಯಿತೆಂದರೆ ಅವರ ತಲೆ, ಮೀಸೆ, ಅಂಗಿ ಎಲ್ಲದಕ್ಕೂ ಅರಳೆ ಹತ್ತಿಕೊಂಡಿರುತ್ತಿತ್ತು. ಹೊಸ ಊರು, ಹೊಸ ಮನೆ. ಮೊದಲ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳು ಎದುರಿಗೆ ನೋಡಿ ಅಂಜಿಬಿಟ್ಟೆ.

ಎದುರಿನ ಕಲ್ಲುಕಟ್ಟೆಯ ಮೇಲೆ ಸಣ್ಣಗೆ, ಕುಳ್ಳಗೆ ಒಬ್ಬ ಹೆಂಗಸು. ಹಣೆಗೆ ಮೂರೆಳೆ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ತಲೆಗೂದಲು ಇನ್ನೂ ಕಪ್ಪು. ಬಾಯಿ ಮಾತ್ರ ತೊಂಬತ್ತರ ಮುದುಕಿಯದು. ಒಂದು ಹಲ್ಲೂ ಇಲ್ಲ. ತುಟಿಗಳು ಒಳಗೆ ಸೇರಿಕೊಂಡು, ಗದ್ದ ಮೂಗಿಗೆ ಹತ್ತಿರವಾಗಿತ್ತು. ಪಕ್ಕದಲ್ಲಿ ಹಿತ್ತಾಳೆ ಚೊಂಬು. ಮಡಿಲಲ್ಲಿ, ಇದೇ ನನಗೆ ತಿಳಿಯದಾದದ್ದು, ಆಗಷ್ಟೇ ಮುರಿದ ಬೇವಿನಕಡ್ಡಿಗಳ ಕಟ್ಟು. ಒಂದೊಂದನ್ನೇ ತೆಗೆದು, ಎಲೆ ಸವರಿ, ಗೇಣುದ್ದ ಮುರಿದು, ದಾರಿಯಲ್ಲಿ ಹೋಗುವವರ ಕೈಗೆ ಕೊಡುತ್ತಿದ್ದಳು. ಹಾಲು ತರುವವನಿಗೆ, ಜಿನ್ನಿಗೆ ಹೋಗುವ ಕೂಲಿ ಹೆಂಗಸರಿಗೆ, ಯಾರ ಮನೆಗೋ ಬಂದ ಬೀಗರಿಗೆ. ನನ್ನನ್ನು ಕಂಡವಳೇ ಕೂಗಿದಳು.

“ಬಾಯಿ ತೊಳಕೊಂಡಿ ಏನವ್ವಾ?”

ಊಟ ಆಯಿತೇ, ಆರಾಮೇ ಎಂದು ಬೇರೆಯವರು ಕೇಳುವ ಜಾಗದಲ್ಲಿ ಆಕೆ ಕೇಳುತ್ತಿದ್ದದ್ದು ಇದನ್ನೇ. ಹೊಳಗುಂದದಿಂದ ಹೊಸ ಅಳಿಯ ಮೊದಲ ಸಲ ಮನೆಗೆ ಬಂದಾಗಲೂ ಇದನ್ನೇ ಕೇಳಿದಳಂತೆ. ಆತ ತನ್ನ ಬಾಯಿ ವಾಸನೆ ಬರುತ್ತಿರಬೇಕೆಂದುಕೊಂಡು, ಇದ್ದಷ್ಟು ದಿನವೂ ಕೈ ಅಡ್ಡ ಹಿಡಿದುಕೊಂಡೇ ಮಾತಾಡಿದನಂತೆ.

ಓಣಿಯವರು ಆಕೆಯನ್ನು ಕಾಡದೆ ಬಿಡುತ್ತಿರಲಿಲ್ಲ. ಕಡ್ಡಿ ಇಸಿದುಕೊಂಡು ಅಗಿಯುತ್ತಲೇ, ಹಲ್ಲಿಲ್ಲದ ಬಾಯಿಗೆ ಹೊತ್ತುಹೊತ್ತಿಗೆ ಇಷ್ಟು ಸಿಂಗಾರ ಯಾಕೆಂದು ಕೇಳುವರು. ಯಾಕೆಂದರೆ ಆಕೆ ದಿನಾ ಎರಡು ಹೊತ್ತು, ಎದ್ದ ಮೇಲೊಮ್ಮೆ ಮತ್ತು ರಾತ್ರಿ ಉಂಡ ಮೇಲೊಮ್ಮೆ, ಬರೀ ಒಸಡನ್ನು ಬೆರಳಿನಿಂದ ತಿಕ್ಕಿ ತೊಳೆಯುತ್ತಿದ್ದಳು. ಆಕೆಗೆ ಸಿಟ್ಟು ಬರುತ್ತಿರಲಿಲ್ಲ.

“ಮಂದಿ ಹೋಗಿ ಮನಿ ಖಾಲಿ ಆತಂತ ಕಸ ಹೊಡಿಯಾದು ಬಿಡತಾರೇನೋ?” ಅನ್ನುವಳು. ಅಂದು ನಗುವಳು. ಆದರೆ ನಗುವ ಮೊದಲು ಸೆರಗು ಬಾಯಿಗೆ ಹೋಗುತ್ತಿತ್ತು. ಎಂಥ ನಗೆ ಬಂದರೂ, ಎಷ್ಟು ಅವಸರದಲ್ಲಿ ಬಂದರೂ, ಸೆರಗೇ ಮೊದಲು. ಕಣ್ಣು ಮಾತ್ರ ನಗುತ್ತಿದ್ದದ್ದು ಕಾಣುತ್ತಿತ್ತು.

ಅಡಿಕೆಯೆಂದರೆ ಪ್ರಾಣ. ಅದಕ್ಕಾಗಿ ಸಣ್ಣದೊಂದು ಕಬ್ಬಿಣದ ಕುಟ್ಟಣಿ ಇತ್ತು. ಮಧ್ಯಾಹ್ನ ಓಣಿಯೆಲ್ಲ ಮಲಗಿದ ಹೊತ್ತಿನಲ್ಲಿ ಟಕ್ ಟಕ್ ಎಂದು ಅದರ ಸದ್ದು ಕೇಳುತ್ತಿತ್ತು. ಎಲೆ, ಅಡಿಕೆ, ಸುಣ್ಣ ಎಲ್ಲ ಸೇರಿಸಿ ಕುಟ್ಟಿ, ಬೆರಳಿನಲ್ಲಿ ತೆಗೆದು ಬಾಯಿಗಿಟ್ಟುಕೊಳ್ಳುವಳು. ತಿಂದಾದ ಮೇಲೆ ಮತ್ತೆ ಚೊಂಬು, ಮತ್ತೆ ಮುಕ್ಕಳಿಸುವುದು. ಹೊಗೆಸೊಪ್ಪು ಮಾತ್ರ ಮುಟ್ಟುತ್ತಿರಲಿಲ್ಲ. ಹೊಗೆಸೊಪ್ಪಿನ ಪುಡಿ ಹಚ್ಚಿ ಹಲ್ಲು ತಿಕ್ಕುವ ಹೆಂಗಸರನ್ನು ಕಂಡರೆ ಮುಖ ತಿರುಗಿಸುವಳು. ಇಟ್ಟಿಗೆ ಪುಡಿಯಿಂದ ತಿಕ್ಕುವವರನ್ನು ಕಂಡರೆ ನಿಲ್ಲಿಸಿ ಬೈಯುವಳು. “ಹಲ್ಲೇನು ಹಿತ್ತಾಳಿ ಚೊಂಬೇನು, ಇಟ್ಟಂಗಿ ಪುಡಿ ಹಾಕಿ ಬೆಳಗಾಕ? ಸವದು ಹೋದ್ರ ಕಲಾಯಿ ಹಾಕಾಕ ಬರತೈತೇನು?”

ಒಮ್ಮೆ, ಇದು ಕೆಲವು ವರ್ಷಗಳ ನಂತರದ್ದು, ಯುದ್ಧದ ದಿನಗಳು, ನಮ್ಮವರು ಹತ್ತಿಯ ಸಂಗಡ ಮುಂಬಯಿಗೆ ಹೋದವರು ಒಂದು ಹಲ್ಲುಜ್ಜುವ ಬ್ರಷ್ಷು ತಂದರು. ಎಲುಬಿನ ಬಣ್ಣದ ಹಿಡಿಕೆ, ಒತ್ತೊತ್ತಾಗಿ ಬಿಳಿಯ ಕೂದಲು. ಓಣಿಯವರೆಲ್ಲ ಬಂದು ನೋಡಿಕೊಂಡು ಹೋದರು. ಮರುದಿನ ಯಾರೋ ಬಂದು ಅದು ಹಂದಿಯ ಕೂದಲೆಂದು ಹೇಳಿದರು. ಅಷ್ಟಕ್ಕೇ ನಮ್ಮತ್ತೆಯವರು ಅದನ್ನಿಟ್ಟಿದ್ದ ಗೂಡನ್ನೂ, ಗೂಡಿದ್ದ ಗೋಡೆಯನ್ನೂ, ಅದನ್ನು ತಂದಿದ್ದ ಮಗನನ್ನೂ ನೀರು ಹಾಕಿ ತೊಳೆದರು. ಬ್ರಷ್ಷು ಅಂಗಳದ ಮೂಲೆಗೆ ಬಿತ್ತು. ದೊಡ್ಡವ್ವ ಬಂದು ಚಿಮಟದಿಂದ ಅದನ್ನೆತ್ತಿ, ಅತ್ತ ಇತ್ತ ತಿರುವಿ ನೋಡಿದಳು. ಕೂದಲನ್ನೆಲ್ಲ ಚಿಮಟದಿಂದಲೇ ಕಿತ್ತೆಸೆದು, ಹಿಡಿಕೆಯನ್ನು ಬೂದಿ ಹಚ್ಚಿ ತಿಕ್ಕಿ, ಕುದಿಯುವ ನೀರಿಗೆ ಹಾಕಿ ತೆಗೆದಳು. ಆಮೇಲೆ ಅದರ ತುದಿಗೆ ಹಳೆಯ ಧೋತರದ ತುಂಡು ಸುತ್ತಿಕೊಂಡಳು. ಬೆರಳು ಹೋಗದ ಹಿಂದಿನ ದವಡೆಗೆ ಅದು ಸರಿಯಾಗಿ ಹೋಗುತ್ತಿತ್ತು. “ಹಂದಿದ ತಪ್ಪು ಹಂದೀಗಿ, ಹಿಡಿಕಿದೇನು ತಪ್ಪೈತಿ” ಅಂದಳು. ಆ ಹಿಡಿಕೆ ಕೊನೆಯ ತನಕ ಆಕೆಯ ಹತ್ತಿರ ಇತ್ತೆಂದು ಮೈದುನ ಹೇಳಿದ.

ಆದರೆ ನಾನು ಬರೆಯಬೇಕೆಂದು ಕುಳಿತದ್ದು ಅದನ್ನಲ್ಲ. ನನ್ನ ಚೊಚ್ಚಲ ಬಸುರಿನ ದಿನಗಳಲ್ಲಿ ಆಕೆ ನಮ್ಮ ಮನೆಗೆ ಬಂದದ್ದನ್ನು.

ಐದನೆಯ ತಿಂಗಳಿರಬೇಕು. ಬೆಳಿಗ್ಗೆ ಹಲ್ಲು ತಿಕ್ಕಿ ಉಗುಳಿದರೆ ಬಚ್ಚಲ ಕಲ್ಲಿನ ಮೇಲೆ ಕೆಂಪು ಬೀಳತೊಡಗಿತು. ನೋವಿರಲಿಲ್ಲ, ಬರೀ ರಕ್ತ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅತ್ತೆಯವರು ಒಂದು ದಿನ ನೀರು ಕಾಯಿಸಲು ಬಂದವರು ನೋಡಿದರು. ಅವರ ಮುಖವೇ ಬದಲಾಯಿತು. ನಮ್ಮವರು ಹುಟ್ಟುವ ಮೊದಲು ಅವರಿಗೆ ಎರಡು ಸಲ ಬಸುರು ನಿಲ್ಲದೆ ಹೋಗಿತ್ತು. ಬಸುರಿಯ ಮೈಯಿಂದ ಎಲ್ಲೇ ಆಗಲಿ ರಕ್ತ ಕಂಡರೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಇವತ್ತಿನಿಂದ ಕಡ್ಡಿ ಮುಟ್ಟಬೇಡ, ನೀರು ಮುಕ್ಕಳಿಸಿದರೆ ಸಾಕು ಅಂದರು. ಅವರದೇನೂ ಹೊಸ ಮಾತಲ್ಲ. ಓಣಿಯ ಎಲ್ಲ ಮನೆಗಳಲ್ಲೂ ಅದೇ ನಡೆದುಬಂದಿತ್ತು. ಒಸಡಿನಲ್ಲಿ ರಕ್ತ ಬಂದರೆ ಬಸುರಿ ಹಲ್ಲು ತಿಕ್ಕಬಾರದು. ಹೆತ್ತ ಮೇಲೆ ಬಾಣಂತಿಯೂ ತಿಂಗಳುಗಟ್ಟಲೆ ತಿಕ್ಕಬಾರದು, ಹಲ್ಲು ಸಡಿಲಾಗುತ್ತವೆ.

ನಾನು ಬಿಟ್ಟೆ. ಸಸಾರವೂ ಆಗಿತ್ತು ಅನ್ನಬೇಕು, ಬೇವಿನ ಕಹಿಗೆ ಹೊಟ್ಟೆ ತೊಳೆಸುತ್ತಿತ್ತು.

ಕೆಲವು ವಾರ ಹೋದವು. ರಕ್ತ ನಿಲ್ಲುವ ಬದಲು ಹೆಚ್ಚಾಯಿತು. ಮೊದಲು ತಿಕ್ಕಿದರೆ ಬರುತ್ತಿದ್ದದ್ದು ಈಗ ರೊಟ್ಟಿ ಅಗಿದರೂ ಬರುತ್ತಿತ್ತು. ಒಸಡು ಊದಿ, ನೇರಳೆ ಬಣ್ಣಕ್ಕೆ ತಿರುಗಿ, ಹಲ್ಲಿನ ಮೇಲೆ ಹತ್ತಿ ಬಂದಂತೆ ಕಾಣುತ್ತಿತ್ತು. ನನ್ನ ಬಾಯಿಯ ವಾಸನೆ ನನಗೇ ಬರುತ್ತಿತ್ತು. ಒಂದು ದಿನ ನಾಲಿಗೆ ತಾಗಿದಾಗ ಕೆಳಗಿನ ಮುಂದಿನ ಎರಡು ಹಲ್ಲು ಅಲ್ಲಾಡಿದವು. ನಮ್ಮವರಿಗೆ ಹೇಳಿದೆ. ಅವರು ಯಾವುದನ್ನೂ ಭಾರ ಮಾಡಿಕೊಳ್ಳುವವರಲ್ಲ. ಸಂತೆಯಲ್ಲಿ ಹಲ್ಲು ಕೀಳುವವನು ಕೂತಿರುತ್ತಾನೆ, ಹೆರಿಗೆಯಾದ ಮೇಲೆ ಕೀಳಿಸಿದರಾಯಿತು, ಎರಡು ಹಲ್ಲಿಗೆ ಏನಂತೆ ಅಂದರು. ಆ ಹಲ್ಲು ಕೀಳುವವನನ್ನು ನಾನು ನೋಡಿದ್ದೆ. ಮುಂದೆ ಬಟ್ಟೆ ಹಾಸಿ, ಅದರ ಮೇಲೆ ತಾನು ಕಿತ್ತ ಹಲ್ಲುಗಳನ್ನೆಲ್ಲ ಜೋಳ ರಾಶಿ ಹಾಕಿದಂತೆ ಹಾಕಿಕೊಂಡಿರುತ್ತಿದ್ದ. ಎರಡಕ್ಕೇ ನಿಲ್ಲುವುದೆಂದು ಯಾರು ಹೇಳಬೇಕು? ಎದುರಿನ ಕಟ್ಟೆಯ ಮೇಲಿನ ಆ ಒಳಸೇರಿದ ಬಾಯಿ ಈಗ ನನ್ನದೇ ಮುಂದಿನ ದಿನಗಳಂತೆ ಕಾಣತೊಡಗಿತು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಬೆಳಿಗ್ಗೆ ಕಡ್ಡಿಗೆ ನಾನು ಬಾರದ್ದನ್ನು ದೊಡ್ಡವ್ವ ಗಮನಿಸಿದ್ದಳು. ಒಂದು ಮಧ್ಯಾಹ್ನ ಮಜ್ಜಿಗೆ ಕೊಡುವ ನೆವದಲ್ಲಿ ಬಂದಳು. ನಾನು ಪಡಸಾಲೆಯಲ್ಲಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದೆ. ಆಕೆ ಮಜ್ಜಿಗೆ ಕೆಳಗಿಟ್ಟು ನನ್ನ ತಟ್ಟೆಯನ್ನೇ ನೋಡಿದಳು.

“ಯಾಕ ಮಗಳ, ನನ್ನ ಊಟ ನೀ ಉಣ್ಣಾಕತ್ತಿ?”

ಆಕೆ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ತುಟಿ ಎತ್ತಿದಳು. ಕೆಳತುಟಿ ಇಳಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅತ್ತೆಯವರ ಕಡೆ ತಿರುಗಿದಳು.

“ತಂಗೀ, ಇದು ನನ್ನ ಬಾಯಿ.”

ಅತ್ತೆಯವರಿಗೆ ತಿಳಿಯಲಿಲ್ಲ. ದೊಡ್ಡವ್ವ ಗೋಡೆಗೆ ಒರಗಿ ಕುಳಿತು ಹೇಳಿದಳು. ಆ ಮಾತನ್ನು ಆಕೆ ಓಣಿಯಲ್ಲಿ ಯಾರಿಗೂ ಹೇಳಿದ್ದಂತೆ ಕಾಣಲಿಲ್ಲ. ಆಕೆಗೆ ನಾಲ್ಕು ಹೆರಿಗೆ. ನಾಲ್ಕರಲ್ಲೂ ಒಸಡಿನಲ್ಲಿ ರಕ್ತ ಬಂತು, ನಾಲ್ಕು ಸಲವೂ ಹಿರಿಯರು ಕಡ್ಡಿ ಬಿಡಿಸಿದರು. ಬಸುರಿನಲ್ಲಿ ಬಿಟ್ಟದ್ದು ಬಾಣಂತನ ಮುಗಿದರೂ ಬಿಟ್ಟೇ ಇರುತ್ತಿತ್ತು. ಮತ್ತೆ ತಿಕ್ಕಲು ಹೋದರೆ ಮತ್ತೆ ರಕ್ತ, ಮತ್ತೆ ಬಿಡುವುದು. ಒಂದೊಂದು ಕೂಸಿನ ಹಿಂದೆಯೂ ಕೆಲವು ಹಲ್ಲು ಅಲ್ಲಾಡಿ ಬಿದ್ದವು. ಮಕ್ಕಳು ಹಲ್ಲು ತಿಂದವು ಎಂದು ಮನೆಮಂದಿ ಎಲ್ಲ ಹೇಳಿದರು. ಆಕೆಯೂ ಹಾಗೇ ನಂಬಿದಳು.

“ನಾನೂ ಅಂತಿದ್ದೆ. ಹಿರಿಯಾಂವ ದವಡಿ ತಿಂದ, ಸಣ್ಣಾಕಿ ಮುಂದಿನ ಹಲ್ಲು ತಿಂದ್ಲು ಅಂತ ಬಂದೋರಿಗೆಲ್ಲ ಹೇಳಿ ನಗತಿದ್ದೆ. ಸಣ್ಣಾಕಿ ಕೇಳ್ಕೋತನ ಬೆಳದ್ಲು. ಒಂದಿನ ನಾ ರೊಟ್ಟಿ ಕಡಿಯಾಕ ಬರಲಾರ್ದ ಬಿಟ್ಟೆ. ಆ ಕೂಸು ತನ್ನ ಬಿದ್ದ ಹಾಲುಹಲ್ಲು ತಂದು ನನ್ನ ಅಂಗೈಯಾಗಿಟ್ಟು, ‘ಯವ್ವಾ, ನಿನ್ನವು ನಾ ತಿಂದಿದ್ದು ತಿರುಗಿ ಕೊಡಾಕ ನನ್ನತ್ರ ಇದೊಂದೇ ಐತಿ’ ಅಂತು.”

ಹೇಳಿ ಸೆರಗು ಬಾಯಿಗೆ ತೆಗೆದುಕೊಂಡಳು. ಈ ಸಲ ನಗಲಿಲ್ಲ.

ಕೊನೆಗೆ ಉಳಿದ ನಾಲ್ಕಾರು ಹಲ್ಲಿನ ಕೀವು, ನೋವು ತಾಳಲಾರದೆ ಗಂಡನ ಸಂಗಡ ರೈಲು ಹತ್ತಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಬಳ್ಳಾರಿಯ ದವಾಖಾನೆಗೆ ಹೋದಳಂತೆ. ಅಲ್ಲೊಬ್ಬ ತೆಲುಗು ಡಾಕ್ಟರಮ್ಮ ಇದ್ದಳು. ಕಿತ್ತ ಹಲ್ಲನ್ನು ತಟ್ಟೆಯಲ್ಲಿ ಹಾಕುವಾಗ ದೊಡ್ಡವ್ವ ಎಂದಿನಂತೆ, ಎಲ್ಲ ಮಕ್ಕಳು ತಿಂದವಮ್ಮಾ ಅಂದಳು. ಡಾಕ್ಟರಮ್ಮ ಒಂದು ಹಲ್ಲನ್ನು ತೊಳೆದು ಆಕೆಯ ಕಣ್ಣ ಮುಂದೆ ಹಿಡಿದಳು. “ಪಿಲ್ಲಲು ತಿನಲೇದಮ್ಮಾ, ಗಾರ ತಿನ್ನದಿ” ಅಂದಳು. ಮಕ್ಕಳಲ್ಲ ತಿಂದದ್ದು, ಬುಡಕ್ಕೆ ಕಟ್ಟಿದ ಈ ಕಿಟ್ಟ.

ದೊಡ್ಡವ್ವ ಸೊಂಟದಿಂದ ಹಳೆಯದೊಂದು ಸುಣ್ಣದ ಡಬ್ಬಿ ತೆಗೆದಳು. ಅದರೊಳಗೆ ಅರಳೆಯಲ್ಲಿ ಸುತ್ತಿದ, ಡಾಕ್ಟರಮ್ಮ ತೋರಿಸಿದ ಅದೇ ಹಲ್ಲು. ಮೇಲಿನ ಅರ್ಧ ಬಿಳಿಯಾಗಿ, ಗಟ್ಟಿಯಾಗಿ ಹುಳುಕಿಲ್ಲದೆ ಇತ್ತು. ಬುಡದ ಸುತ್ತ ಮಾತ್ರ ಹಳದಿ, ಕಂದು ಬಣ್ಣದ ಗಡುಸಾದ ಪದರ. ನಮ್ಮ ಆದೋನಿಯ ಬಾವಿಗಳ ಸವಳು ನೀರು ಕಾಯಿಸಿ ಕಾಯಿಸಿ ಹಂಡೆಯ ಒಳಗೆ ಕಟ್ಟಿಕೊಳ್ಳುತ್ತದಲ್ಲ, ಅದೇ ಥರ. ಅತ್ತೆಯವರು ಕೈಗೆ ತೆಗೆದುಕೊಳ್ಳದೆ ಬಗ್ಗಿ ನೋಡಿದರು.

“ಹಂಡೆ ವಾರಕ್ಕೊಮ್ಮೆ ತಿಕ್ಕತೀಯಿಲ್ಲ ತಂಗೀ? ಬಿಟ್ರ ಏನಾಕೈತಿ ನಿನಗ ಗೊತ್ತು. ಹಲ್ಲು ದಿನಾ ಉಣ್ಣತಾವ. ಬಿಟ್ರ ಹಿಂಗಾಕೈತಿ. ಹೊಲಸು ಕುಂತಲ್ಲಿ ಒಸಡು ಊದತೈತಿ, ಊದಿದ್ದಕ ರಕ್ತ. ರಕ್ತ ಬಂತಂತ ತಿಕ್ಕಾದು ಬಿಟ್ರ, ಬಿಟ್ಟಿದ್ದಕ ಮತ್ತ ರಕ್ತ. ಬಸರಾಗ ಇದು ಜಲ್ದಿ ಆಕೈತಿ, ಅಷ್ಟ. ಕೂಸಿಂದೇನಿಲ್ಲ.”

ಅತ್ತೆಯವರು ಮೆಲ್ಲಗೆ, “ರಕ್ತ ಬೀಳತೈತಲ್ಲ ಯಕ್ಕಾ” ಅಂದರು.

ದೊಡ್ಡವ್ವನ ದನಿಯೂ ಇಳಿಯಿತು. “ನೀ ಯಾವ ರಕ್ತಕ್ಕ ಅಂಜತಿ ಅನ್ನಾದು ನನಗ ಗೊತ್ತೈತಿ. ಇದು ಅದಲ್ಲ. ಬರೋ ಅಮಾಸಿ ತನಕ ಈಕಿ ಬಾಯಿ ನನ್ನ ಕೈಗೆ ಬಿಡು. ನಿಲ್ಲಲಿಲ್ಲಂದ್ರ ನಾ ನಿನ್ನ ಹೊಸ್ತಿಲು ತುಳ್ಯಂಗಿಲ್ಲ.”

ಅದು ಸಣ್ಣ ಮಾತಲ್ಲ. ಎರಡು ಮನೆಗಳ ನಡುವೆ ಕೆಂಡದಿಂದ ಹಿಡಿದು ಹೆಪ್ಪಿನ ತನಕ ಎಲ್ಲವೂ ಓಡಾಡುತ್ತಿತ್ತು. ಇಬ್ಬರೂ ಸೊಸೆಯರಾಗಿ ಆ ಓಣಿಗೆ ಬಂದ ದಿನದಿಂದಲೂ ಒಂದು ಹೊತ್ತು ಮುಖ ನೋಡದೆ ಇದ್ದವರಲ್ಲ. ಅತ್ತೆಯವರು ಎದ್ದು ಹೋಗಿ ಮಜ್ಜಿಗೆಯ ಪಾತ್ರೆ ಖಾಲಿ ಮಾಡಿ ತೊಳೆದು ತಂದುಕೊಟ್ಟರು. ನಮ್ಮ ಮನೆಯಲ್ಲಿ ಅದು ಒಪ್ಪಿಗೆ.

ಮರುದಿನದಿಂದ ದೊಡ್ಡವ್ವ ತನ್ನ ಕಟ್ಟೆ ಬಿಟ್ಟು ನಮ್ಮ ಬಚ್ಚಲ ಬಾಯಿಯಲ್ಲಿ ಬಂದು ಕುಳಿತಳು. ಬೇವು ನನಗೆ ಒಗ್ಗುತ್ತಿಲ್ಲವೆಂದು ತಿಳಿದು ಎಳೆಯ ಜಾಲಿಕಡ್ಡಿ ತಂದಳು. ಅದನ್ನು ನೀರಿನಲ್ಲಿ ನೆನೆಸಿ, ತುದಿ ಜಜ್ಜಿ, ಕುಂಚದ ಹಾಗೆ ಮೆತ್ತಗೆ ಮಾಡಿ ಕೊಟ್ಟಳು. ಅಡ್ಡಡ್ಡ ತಿಕ್ಕಬಾರದು. ಒಸಡಿನಿಂದ ಹಲ್ಲಿನ ತುದಿಗೆ, ಮೇಲಿನವನ್ನು ಕೆಳಗೆ, ಕೆಳಗಿನವನ್ನು ಮೇಲೆ, ಒಂದೊಂದಾಗಿ. ಹೊರಗಿನಷ್ಟೇ ಒಳಗೂ. ಒಳಮಗ್ಗುಲು ಯಾರಿಗೂ ಕಾಣುವುದಿಲ್ಲವೆಂದು ಎಲ್ಲರೂ ಅದನ್ನೇ ಬಿಡುತ್ತಾರೆ, ಕಿಟ್ಟ ಮೊದಲು ಕೂರುವುದೂ ಅಲ್ಲೇ, ಅನ್ನುವಳು. ಕೊನೆಗೆ ಕಡ್ಡಿ ಸೀಳಿ ನಾಲಿಗೆ ಕೆರೆದುಕೊಂಡು, ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಬೇಕು. ಹೊಟ್ಟೆ ತೊಳೆಸಿದ ದಿನ ಕಡ್ಡಿ ಬೇಡ, ತೆಳುಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಿದರೂ ಆಯಿತು, ಆದರೆ ಹಾಗೇ ಬಿಡುವಂತಿಲ್ಲ. ರಾತ್ರಿ ಉಂಡ ಮೇಲೂ ಅದೇ. ಅಲ್ಲಾಡುವ ಎರಡು ಹಲ್ಲನ್ನು ನಾನು ನಾಲಿಗೆಯಿಂದ ತಳ್ಳಿ ತಳ್ಳಿ ನೋಡುವುದನ್ನು ಕಂಡು, “ಅದನ್ನ ತೂಗಬ್ಯಾಡ, ಅದೇನು ತೊಟ್ಲಲ್ಲ” ಎಂದು ಗದ್ದಕ್ಕೆ ಮೆಲ್ಲಗೆ ತಿವಿದಳು.

ಮೊದಲ ದಿನಗಳಲ್ಲಿ ರಕ್ತ ಇನ್ನೂ ಹೆಚ್ಚೇ ಬಂತು. ಅತ್ತೆಯವರು ಬಚ್ಚಲ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಲಿಂಗದ ಗೂಡಿನ ಮುಂದೆ ಕೂಡುವರು. ಅಡುಗೆಗೆ ಉಪ್ಪು ಹಾಕುವುದು ಮರೆಯುವರು, ಇಲ್ಲವೆ ಎರಡು ಸಲ ಹಾಕುವರು. ದೊಡ್ಡವ್ವನೂ ಆ ದಿನಗಳಲ್ಲಿ ಯಾರನ್ನೂ ಬೈದದ್ದು ನೆನಪಿಲ್ಲ. ಮಧ್ಯಾಹ್ನದ ಕುಟ್ಟಣಿಯ ಸದ್ದೂ ಕಡಿಮೆಯಾಗಿತ್ತು. ನನಗಂತೂ ಎರಡು ಭಯ. ಹಲ್ಲು ಹೋಗುತ್ತವೆಂಬುದೊಂದು. ನನ್ನ ಬಾಯಿಯ ದೆಸೆಯಿಂದ ಈ ಇಬ್ಬರ ನಡುವೆ ಓಣಿ ಅಗಲವಾದೀತೆಂಬುದು ಇನ್ನೊಂದು.

ಅಮಾವಾಸ್ಯೆ ಇನ್ನೇನು ಬಂತು ಅನ್ನುವಾಗ ಒಂದು ಬೆಳಿಗ್ಗೆ ಮುಕ್ಕಳಿಸಿ ಉಗುಳಿದೆ. ಅತ್ತೆಯವರು ಬಗ್ಗಿ ನೋಡಿದರು. ಏನು ಕಂಡರೋ, ಒಂದು ಚೊಂಬು ನೀರು ತಂದು ಕಲ್ಲನ್ನೆಲ್ಲ ತೊಳೆದು, ಮತ್ತೆ ಉಗುಳು ಅಂದರು. ಉಗುಳಿದೆ. ಬಿಳಿ ನೊರೆ. ಇನ್ನೊಮ್ಮೆ ಅಂದರು. ಅದೂ ಬಿಳಿ. ಅತ್ತೆಯವರು ಉಟ್ಟ ಸೀರೆ ಒದ್ದೆಯಾಗುವುದನ್ನೂ ನೋಡದೆ ಆ ಬಚ್ಚಲ ಕಲ್ಲಿನ ಮೇಲೇ ಕುಳಿತುಬಿಟ್ಟರು. ದೊಡ್ಡವ್ವ ಮಾತ್ರ ಇದೆಲ್ಲ ತನಗೆ ಮೊದಲೇ ಗೊತ್ತಿತ್ತು ಅನ್ನುವ ಹಾಗೆ ಕಡ್ಡಿಗಳನ್ನು ಕಟ್ಟಿಕೊಂಡು ಎದ್ದಳು. ಹೊಸ್ತಿಲು ದಾಟುವಾಗ ಮಾತ್ರ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ನಾನು ನೋಡಿದೆ.

ನಿನ್ನ ಮಾತೇ ನಿಜವಾಯಿತೆಂದು ಅತ್ತೆಯವರು ಎಂದೂ ಹೇಳಲಿಲ್ಲ. ಅಂದು ಮಧ್ಯಾಹ್ನ ಗೋಧಿ ಹುಗ್ಗಿ ಮಾಡಿ, ಬೆಲ್ಲ ತುಪ್ಪ ಸುರಿದು, ಹಲ್ಲಿಲ್ಲದವರು ಉಣ್ಣುವಷ್ಟು ಮೆತ್ತಗೆ ಬೇಯಿಸಿ, ತಾವೇ ಎದುರುಮನೆಗೆ ಹೊತ್ತುಕೊಂಡು ಹೋದರು. “ಯಕ್ಕಾ, ಇವತ್ತ್ಯಾಕೋ ಹುಗ್ಗಿ ಭಾಳ ಮೆತ್ತಗಾತು” ಎಂದು ಹೇಳಿದ್ದು ನಮ್ಮ ಪಡಸಾಲೆಗೂ ಕೇಳಿಸಿತು.

ಒಸಡು ಇಳಿಯಿತು, ವಾಸನೆ ಹೋಯಿತು. ಆದರೆ ಆ ಎರಡು ಹಲ್ಲು ಮಾತ್ರ ಇನ್ನೂ ಅನುಮಾನವಾಗೇ ಇದ್ದವು. ಹೆರಿಗೆಯಾದ ಮೇಲೆ ತಾನೇ ಬಿಗಿಯುತ್ತವೆ, ಕಡ್ಡಿ ಬಿಡಬೇಡ ಎಂದಿದ್ದಳು ದೊಡ್ಡವ್ವ. ಬಿಗಿದವೋ ಇಲ್ಲವೋ ನೋಡಲು ನನಗೆ ಧೈರ್ಯವಿರಲಿಲ್ಲ. ಗಟ್ಟಿಯಾದದ್ದೇನನ್ನೂ ಮುಂದಿನ ಹಲ್ಲಿನಿಂದ ಕಡಿಯದೆ ದಿನ ಕಳೆದೆ.

ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನವೂ ಆದೋನಿಯಲ್ಲೇ ಆಯಿತು. ಹೆಣ್ಣುಕೂಸು. ಅತ್ತೆಯವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಅದರ ಉಸಿರಾಟವನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು. ನನ್ನ ಕಿವಿಗೆ ಬಟ್ಟೆ ಬಿಗಿದು, ಕೋಣೆಗೆ ಕೆಂಡ ಇಟ್ಟು, ಸಾಂಬ್ರಾಣಿ ಹಾಕಿ ಬೆಚ್ಚಗೆ ಮಾಡಿದರು. ಓಣಿಯ ಹಿರಿಯ ಹೆಂಗಸರು ನೋಡಲು ಬಂದವರು ಮೂಲೆಯಲ್ಲಿದ್ದ ಜಾಲಿಕಡ್ಡಿ ಕಂಡು ಗಾಬರಿಯಾದರು. ಹಸಿ ಬಾಣಂತಿ, ಹಲ್ಲು ತಿಕ್ಕಿಸುತ್ತೀಯಾ ಎಂದು ಅತ್ತೆಯವರನ್ನು ಕೇಳಿದರು. ಅತ್ತೆಯವರು ಕೂಸಿನ ಕುಲಾವಿ ಸರಿಮಾಡುತ್ತ, ತಲೆ ಎತ್ತದೆ, “ಬಿಸಿನೀರಾಗ ತೊಳಸ್ತೀನಿ ಬಿಡ್ರಿ. ಆಕಿ ಬಾಯಿ ನಾ ನೋಡ್ಕೊಂತೀನಿ” ಅಂದರು. ದೊಡ್ಡವ್ವ ಅಲ್ಲೇ ಗೋಡೆಯ ಬದಿಗೆ ಕುಳಿತಿದ್ದಳು. ಏನೂ ಕೇಳಿಸದವಳ ಹಾಗೆ ಸುಣ್ಣದ ಡಬ್ಬಿ ತಿರುವುತ್ತಿದ್ದಳು.

ಬಾಣಂತಿಗೆಂದು ಅತ್ತೆಯವರು ಅಂಟಿನುಂಡೆ ಕಟ್ಟಿದರು. ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಬೆಲ್ಲದ ಪಾಕ. ಅವರ ಕೈಯ ಉಂಡೆ ಆರಿದ ಮೇಲೆ ಕಲ್ಲು. ನನ್ನ ಹಲ್ಲಿನ ಅನುಮಾನ ಅವರಿಗೂ ಇತ್ತು. ಅದಕ್ಕೇ ಎದುರುಮನೆಯಿಂದ ಅಡಿಕೆಯ ಕುಟ್ಟಣಿ ತರಿಸಿ, ಉಂಡೆಯನ್ನು ಕುಟ್ಟಿ ಪುಡಿ ಮಾಡಿ ಹಾಲಿಗೆ ಹಾಕಿ ಕೊಡಬೇಕೆಂದು ಕುಳಿತರು. ಕುಟ್ಟಣಿಯ ಹಿಂದೆಯೇ ದೊಡ್ಡವ್ವ ಬಂದಳು.

“ಇದು ಯಾರಿಗೆ?”

ಅತ್ತೆಯವರು ನನ್ನ ಕಡೆ ನೋಡಿದರು. ದೊಡ್ಡವ್ವ ಕುಟ್ಟಣಿಯನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಬುಟ್ಟಿಯಿಂದ ಇಡೀ ಉಂಡೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ಕಡಿ. ಮುಂದಿನ ಹಲ್ಲಿಲೆ ಕಡಿ.”

ನಾನು ಅತ್ತೆಯವರ ಮುಖ ನೋಡಿದೆ. ಅವರು ಉಂಡೆಯನ್ನು ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕಡಿದೆ. ಮೊದಲು ಹಲ್ಲು ಜಾರಿತು. ಇನ್ನೊಮ್ಮೆ ಒತ್ತಿದಾಗ ಕಟಕ್ ಎಂದು ಉಂಡೆಯ ಅಂಚು ಮುರಿಯಿತು. ಮುರಿದದ್ದು ಉಂಡೆಯೇ. ಬಾಯಲ್ಲಿ ಬೆಲ್ಲ, ಕೊಬ್ಬರಿ, ಅಂಟಿನ ಹರಳು. ನೋವಿಲ್ಲ, ಉಪ್ಪುಪ್ಪಾದ ರಕ್ತದ ರುಚಿಯಿಲ್ಲ. ನುಂಗಿ ಮುಗಿಯುವ ಮೊದಲೇ ದೊಡ್ಡವ್ವ ನನ್ನ ಗದ್ದ ಹಿಡಿದು ತುಟಿ ಇಳಿಸಿ, ಆ ಎರಡು ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು. ಗೂಟದ ಹಾಗೆ ನಿಂತಿದ್ದವು.

ಆಗ ನಕ್ಕಳು. ಕೈಯೊಂದು ನನ್ನ ಗದ್ದದ ಮೇಲೆ, ಇನ್ನೊಂದು ಕುಟ್ಟಣಿಯ ಮೇಲೆ. ಸೆರಗು ಹೆಗಲ ಮೇಲೇ ಉಳಿಯಿತು. ಅಷ್ಟು ದಿನದಲ್ಲಿ ಮೊದಲ ಸಲ ಆ ನಗೆಯನ್ನು ನಾನು ಪೂರ್ತಿ ನೋಡಿದೆ. ಬಾಯ್ತುಂಬ ಬರೀ ಒಸಡು, ನಸುಗೆಂಪಾಗಿ, ತೊಳೆದಿಟ್ಟ ಬಟ್ಟಲಿನಂತೆ ಚೊಕ್ಕಟವಾಗಿತ್ತು. ಅತ್ತೆಯವರಿಗೂ ನಗೆ ಬಂತು. ಆ ಸದ್ದಿಗೆ ತೊಟ್ಟಿಲಲ್ಲಿದ್ದ ಕೂಸು ಎದ್ದು, ಅಂಥದೇ ಬಾಯಿ ತೆರೆದು ಅಳತೊಡಗಿತು.

ದೊಡ್ಡವ್ವ ಅದನ್ನೆತ್ತಿ ಮಡಿಲಿಗೆ ಹಾಕಿಕೊಂಡಳು. ತೆಳುಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಬೆರಳಿಗೆ ಸುತ್ತಿ, ಕೂಸಿನ ಒಸಡಿನ ಮೇಲೆ ಅತ್ತಿಂದಿತ್ತ ಮೆಲ್ಲಗೆ ಎಳೆದಳು. ಕೂಸು ಅಳು ನಿಲ್ಲಿಸಿ ಬೆರಳು ಚೀಪಿತು. ಆಕೆ ಬಗ್ಗಿ, ಬೇರೆ ಯಾರಿಗೂ ಅಲ್ಲ ಅನ್ನುವ ಹಾಗೆ ಅದಕ್ಕೊಂದಕ್ಕೇ ಹೇಳಿದಳು.

“ಅಳಬ್ಯಾಡವ್ವಾ. ನೀ ಏನೂ ತಿಂದಿಲ್ಲ. ನಿಮ್ಮವ್ವನ ಹಲ್ಲು ನಿಮ್ಮವ್ವನ ಬಾಯಾಗ ಅದಾವ ನೋಡು.”